ವಿಷಾದ ರಮ್ಯತೆ: ಕನ್ನಡ ಸಾಹಿತ್ಯ ಮತ್ತು ಕಲೆಯಲ್ಲಿ

ವಿಷಾದ ರಮ್ಯತೆ ಎಂಬುದು ಸಾವು, ಅಗಲಿಕೆ, ಕೈಗೂಡದ ಒಲವು, ಹಾಳೂರು, ನಡುರಾತ್ರಿ ಮುಂತಾದವುಗಳಲ್ಲಿ ಚೆಲುವನ್ನು ಕಾಣುವ ಕಲಾಪ್ರವೃತ್ತಿ. ದುಃಖವನ್ನು ಅದು ಆದಷ್ಟು ಬೇಗ ದಾಟಿಬಿಡಬೇಕಾದ ಕೇಡೆಂದು ಭಾವಿಸದೆ ಅಲ್ಲಿಯೇ ತಂಗುತ್ತದೆ, ಅದರ ಬಣ್ಣ ದನಿಗಳನ್ನು ಗಮನಿಸುತ್ತದೆ, ಕೇಳುವವರನ್ನೂ ತಂಗಿಸುತ್ತದೆ. ಕನ್ನಡದಲ್ಲಿ ಈ ಪ್ರವೃತ್ತಿ ಶಾಸನಕಲ್ಲುಗಳಷ್ಟು ಹಳೆಯದು. ಹಳಗನ್ನಡದ ಜೈನ ಕಾವ್ಯ, ಹನ್ನೆರಡನೆಯ ಶತಮಾನದ ಶಿವಶರಣರ ಕಥೆಗಳು, ಕೆರೆ ಕೋಟೆಗಳ ಸುತ್ತ ಹುಟ್ಟಿದ ಐತಿಹ್ಯ ಹಾಗೂ ಜನಪದ ಹಾಡುಗಳು, ನವೋದಯದ ಕವಿತೆ ನಾಟಕಗಳು, ಇಪ್ಪತ್ತನೆಯ ಶತಮಾನದ ಕಾದಂಬರಿ ಸಿನಿಮಾಗಳು ಇವೆಲ್ಲದರಲ್ಲೂ ಅದು ಹರಿದುಬಂದಿದೆ. ಇಲ್ಲಿ ಅಳುವವರು ಒಬ್ಬಂಟಿಗರಾಗಿರುವುದು ವಿರಳ. ಬಹುಪಾಲು ಕೃತಿಗಳಲ್ಲಿ ಸತ್ತವರ ಸುತ್ತ ಒಂದು ಮನೆ, ಒಂದು ಊರು, ಒಂದು ಪಡೆ ನಿಂತಿರುತ್ತದೆ. ಆ ಸಾವಿನಲ್ಲಿ ಅದರ ಪಾಲೂ ಇರುತ್ತದೆ.

ಯೂರೋಪಿನಲ್ಲಿ ಇದೇ ಒಲವು ಹದಿನೆಂಟನೆಯ ಶತಮಾನದ ಕೊನೆಗೆ ಒಂದು ಪಂಥದ ಬಲ ಪಡೆಯಿತು. ಗಯಟೆಯ ವೆರ್ಥರ್ ಕಾದಂಬರಿ 1774ರಲ್ಲಿ ಬಂದಿತು. ಜರ್ಮನ್ ಚಿತ್ರಕಾರ ಕಾಸ್ಪರ್ ಡೇವಿಡ್ ಫ್ರೆಡರಿಕ್ ಮಂಜು, ಬೋಳುಮರ, ಕುಸಿದ ಮಠಗಳನ್ನು ಬರೆದ. ಕೀಟ್ಸ್ 1819ರಲ್ಲಿ ವಿಷಾದವನ್ನೇ ಕುರಿತು ಪ್ರಗಾಥ ರಚಿಸಿದ. ಎಮಿಲಿ ಬ್ರಾಂಟೆಯ ‘ವದರಿಂಗ್ ಹೈಟ್ಸ್’ 1847ರದು. ಚೆಲುವೆಯೊಬ್ಬಳ ಸಾವೇ ಕಾವ್ಯಕ್ಕೆ ಅತ್ಯುತ್ತಮ ವಸ್ತು ಎಂದು ಅಮೆರಿಕದ ಎಡ್ಗರ್ ಅಲನ್ ಪೋ 1846ರಲ್ಲಿ ವಾದಿಸಿದ; ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನ ಮಿಲೇ ಹೊಳೆಯಲ್ಲಿ ತೇಲುವ ಒಫೀಲಿಯಾಳ ಚಿತ್ರ ಬರೆದ. ಈ ಕೃತಿಗಳಲ್ಲಿ ದುಃಖ ಹೆಚ್ಚಾಗಿ ವ್ಯಕ್ತಿಯ ಸ್ವಂತ ಆಸ್ತಿ. ಸಮಾಜ ಅದನ್ನು ಅರಿಯದು, ಅರಿಯಲು ಅದಕ್ಕೆ ಹಕ್ಕೂ ಇಲ್ಲ ಎಂಬ ಹಟ ಅಲ್ಲಿದೆ.

ಅಳಿಸುವ ಕಥೆಯನ್ನು ಜನ ಮತ್ತೆ ಮತ್ತೆ ಬೇಡಿ ಕೇಳುವುದೇಕೆ ಎಂಬ ಪ್ರಶ್ನೆಗೆ ಭಾರತೀಯ ಕಾವ್ಯಮೀಮಾಂಸೆ ಹಳೆಯ ಕಾಲದಿಂದಲೂ ಉತ್ತರ ಹುಡುಕಿದೆ. ಕ್ರೌಂಚದ ಸಾವನ್ನು ಕಂಡ ವಾಲ್ಮೀಕಿಯ ಶೋಕವೇ ಶ್ಲೋಕವಾಯಿತೆಂಬ ಮಾತನ್ನು ಆನಂದವರ್ಧನ ಎತ್ತಿಹಿಡಿದ. ಕರುಣವೊಂದೇ ರಸ, ಉಳಿದವು ಅದರ ರೂಪಾಂತರಗಳು ಎಂಬ ನಿಲುವು ಭವಭೂತಿಯ ‘ಉತ್ತರರಾಮಚರಿತ’ದಲ್ಲಿದೆ. ಲೋಕದ ದುಃಖ ಒಬ್ಬನನ್ನು ಕಟ್ಟಿಹಾಕುತ್ತದೆ. ಕಾವ್ಯದ ದುಃಖದಲ್ಲಿ ನನ್ನದು, ಅವನದು ಎಂಬ ಗೆರೆ ಅಳಿಸಿಹೋಗುವುದರಿಂದ ಅದು ಆಸ್ವಾದಕ್ಕೆ ಒದಗುತ್ತದೆ ಎಂಬುದು ಭಟ್ಟನಾಯಕ ಮತ್ತು ಅಭಿನವಗುಪ್ತರ ವಿವರಣೆ. ಕನ್ನಡ ಓದುಗರಿಗೆ ಈ ಚರ್ಚೆಯನ್ನು ಸವಿವರವಾಗಿ ತಿಳಿಸಿಕೊಟ್ಟ ಗ್ರಂಥ ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ (1953). ಅಗಲಿದ ಪ್ರೇಮಿಗಳ ವಿಪ್ರಲಂಭ ಶೃಂಗಾರಕ್ಕೆ ಈ ಶಾಸ್ತ್ರದಲ್ಲಿ ಮನ್ನಣೆಯಿದೆ. ಮತ್ತೆ ಕೂಡುವ ಆಸೆ ಪೂರ್ತಿ ಕಡಿದುಹೋದರೆ ಅದು ಶೃಂಗಾರವಾಗಿ ಉಳಿಯದೆ ಕರುಣವಾಗುತ್ತದೆ. ಕನ್ನಡದ ಅತ್ಯುತ್ತಮ ವಿಷಾದ ಕಥೆಗಳು ಹೆಚ್ಚಾಗಿ ಈ ಎರಡರ ಗಡಿಯಲ್ಲಿ ನಡೆಯುತ್ತವೆ.

ಕನ್ನಡ ನಾಡಿನಲ್ಲಿ ಈ ಭಾವಕ್ಕೆ ಸಿಕ್ಕ ಮೊದಲ ಮಾಧ್ಯಮ ಕಲ್ಲು. ಶ್ರವಣಬೆಳಗೊಳದ ಏಳನೆಯ ಶತಮಾನದ ನಂದಿಸೇನ ನಿಸಿದಿ (ಮರಣಸ್ಮಾರಕ) ಶಾಸನ ಚೆಲುವು, ಸುಖ, ಸಿರಿಗಳ ಕ್ಷಣಿಕತೆಯನ್ನು ಮಳೆಬಿಲ್ಲು ಮಿಂಚುಗಳ ಉಪಮೆಯಲ್ಲಿ ಹೇಳುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು (ಸು. 949–50) ಕಾಡುಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ಅದರ ಒಡೆಯ ಮಣಲೆರ ನಿಲ್ಲಿಸಿದ್ದು. ರಾಷ್ಟ್ರಕೂಟರು ಚೋಳರನ್ನು ಗೆದ್ದ ತಕ್ಕೋಲದ ಯುದ್ಧದ ಸುದ್ದಿಯೂ ಅದೇ ಕಲ್ಲಿನಲ್ಲಿದೆ. ಹೆಗ್ಗಡದೇವನಕೋಟೆಯ ಬೆಳತೂರಿನ 1057ರ ಶಾಸನ ಇವೆಲ್ಲಕ್ಕಿಂತ ತೀವ್ರವಾದದ್ದು. ಮಲ್ಲಯುದ್ಧದಲ್ಲಿ ದಾಯಾದಿಯನ್ನು ಕೊಂದ ತಪ್ಪಿಗೆ ಏಚನೆಂಬ ನಾಯಕನಿಗೆ ಚೋಳರು ಮರಣದಂಡನೆ ವಿಧಿಸಿದರು. ಸುದ್ದಿ ಕೇಳಿದ ಹೆಂಡತಿ ದೇಕಬ್ಬೆ, ತಂದೆತಾಯಿ ಎಷ್ಟು ಬೇಡಿಕೊಂಡರೂ ಕೇಳದೆ, ದಾನಧರ್ಮ ಮಾಡಿ ಕೊಂಡವನ್ನು ಹೊಕ್ಕಳು. ಇದನ್ನು ಬರೆದ ಕವಿ ಮಲ್ಲ. ಶಾಸನವೊಂದು ಖಂಡಕಾವ್ಯದ ಮಟ್ಟಕ್ಕೇರಿರುವುದು ತಡೆಯುವವರ ಮಾತಿಗೂ ತಡೆಯನ್ನು ಮೀರುವವಳ ಮಾತಿಗೂ ಅದು ಸಮನಾಗಿ ಕಿವಿಗೊಡುವುದರಿಂದ. ಹಳ್ಳಿಗಳ ಗುಡಿಯ ಪಕ್ಕ ಇಂದೂ ನಿಂತಿರುವ ಮಾಸ್ತಿಕಲ್ಲುಗಳಲ್ಲಿ ಕಂಬದಿಂದ ಹೊರಚಾಚಿದ, ಬಳೆ ತೊಟ್ಟ ಮೇಲೆತ್ತಿದ ಕೈಯೊಂದು ಕಾಣುತ್ತದೆ. ಆ ಶಿಲ್ಪ ಸುಂದರವಾಗಿದೆ. ಅದರ ಹಿಂದಿನ ಸತಿ ಆಚರಣೆ ಘೋರವಾದದ್ದು. ಈ ಎರಡನ್ನೂ ಒಟ್ಟಿಗೆ ಕಾಣದೆ ಈ ಕಲೆಯನ್ನು ನೋಡಿದಂತಾಗುವುದಿಲ್ಲ.

ಕಾವ್ಯದಲ್ಲಿ ರನ್ನನ ‘ಗದಾಯುದ್ಧ’ ದೊಡ್ಡ ತಿರುವು. ಚಾಳುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಹೊಗಳಲು ಹೊರಟ ಕಾವ್ಯವಾದರೂ ಓದುಗರ ಮನಸ್ಸನ್ನು ಕದಿಯುವವನು ದುರ್ಯೋಧನ. ಸಂಜಯನ ಕೈ ಹಿಡಿದು ಹೆಣಗಳನ್ನು ಮೆಟ್ಟುತ್ತ ನಡೆಯುವ ಅವನು ದ್ರೋಣ, ದುಶ್ಶಾಸನ, ಕರ್ಣರ ಶವಗಳ ಮುಂದೆ ಒಂದೊಂದಾಗಿ ನಿಲ್ಲುತ್ತಾನೆ. ವೈರಿಯ ಮಗ ಅಭಿಮನ್ಯುವಿಗೂ ಕೈಮುಗಿಯುತ್ತಾನೆ. ಕೊನೆಗೆ ವೈಶಂಪಾಯನ ಸರೋವರದ ನೀರಿನಲ್ಲಿ ಅಡಗುತ್ತಾನೆ. ಸೋತವನ ನಡಿಗೆಯಲ್ಲಿ ಇಷ್ಟು ಘನತೆ ತುಂಬಿದ ಭಾಗ ಹಳಗನ್ನಡದಲ್ಲಿ ಇನ್ನೊಂದಿಲ್ಲ ಎನ್ನಬಹುದು. ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ದ ರಾವಣ ಸೀತೆಯ ನಿಷ್ಠೆಗೆ ಮನಕರಗಿ ಅವಳನ್ನು ಹಿಂದಿರುಗಿಸಲು ನಿರ್ಧರಿಸುತ್ತಾನೆ, ಆದರೆ ಗೆದ್ದ ಮೇಲೆ ಒಪ್ಪಿಸುವೆನೆಂಬ ಅಭಿಮಾನ ಅವನನ್ನು ಸಾವಿನತ್ತ ಒಯ್ಯುತ್ತದೆ. ರಾಘವಾಂಕನ ‘ಹರಿಶ್ಚಂದ್ರಕಾವ್ಯ’ದಲ್ಲಿ ಕಾಶಿಯ ಸುಡುಗಾಡಿನ ಇರುಳಿದೆ. ಹಾವು ಕಚ್ಚಿ ಸತ್ತ ಲೋಹಿತಾಶ್ವನ ಮೇಲೆ ಚಂದ್ರಮತಿ ಅಳುವ ಭಾಗವನ್ನು ಗಮಕಿಗಳು ವಾಚಿಸುವಾಗ ಸಭೆಯ ಕಣ್ಣು ಒದ್ದೆಯಾಗುತ್ತದೆ.

ಕತ್ತಲಿನ ಒಲವನ್ನು ನೇರವಾಗಿ ಎದುರಿಸಿದ ಕವಿ ಹೊಯ್ಸಳರ ಆಸ್ಥಾನದ ಜನ್ನ. ಅವನ ‘ಯಶೋಧರಚರಿತೆ’ (1209) ಮಾರಿಯ ಗುಡಿಯಲ್ಲಿ ಬಲಿಗೆಂದು ತಂದ ಎಳೆಯ ಅಣ್ಣತಂಗಿಯರು ಹೇಳುವ ಕಥೆ. ಉಜ್ಜಯಿನಿಯ ರಾಣಿ ಅಮೃತಮತಿ ನಡುರಾತ್ರಿ ಗಂಡ ಯಶೋಧರನ ಮಗ್ಗುಲಲ್ಲಿ ಮಲಗಿದ್ದಾಗ ಆನೆಲಾಯದ ಕಡೆಯಿಂದ ಹಾಡೊಂದು ಕೇಳಿಬರುತ್ತದೆ. ದನಿಗೆ ಮನಸ್ಸು ಸೋಲುತ್ತದೆ. ಹಾಡುವವನು ಯಾರೆಂದು ತಿಳಿಯುವ ಮೊದಲೇ ಸೋಲುತ್ತದೆ. ಅವನು ಅಷ್ಟಾವಂಕ, ವಿಕಾರರೂಪದ ಮಾವುತ. ಅವನು ಹೊಡೆದರೂ ಬೈದರೂ ಅವಳು ಬಿಡುವುದಿಲ್ಲ. ಹಿಂಬಾಲಿಸಿ ಬಂದ ಯಶೋಧರ ಕತ್ತಿ ಎತ್ತಿದವನು ತಡೆದುಕೊಳ್ಳುತ್ತಾನೆ. ಮುಂದೆ ತಾಯಿ ಚಂದ್ರಮತಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟಾಗ ಆ ಹಿಟ್ಟೇ ಕೂಗುತ್ತದೆ. ಅಮೃತಮತಿ ತಾಯಿ ಮಗ ಇಬ್ಬರಿಗೂ ವಿಷವಿಕ್ಕುತ್ತಾಳೆ. ಅವರು ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಕವಿಯ ಉದ್ದೇಶ ಸಂಕಲ್ಪಹಿಂಸೆಯ ಫಲವನ್ನು ತೋರಿಸುವುದು. ಆದರೆ ಎಂಟು ಶತಮಾನಗಳಿಂದ ಓದುಗರನ್ನು ಕಾಡಿರುವುದು ಆ ರಾತ್ರಿಯ ಹಾಡು. ರೂಪ, ಕುಲ, ಅರಮನೆ, ಪ್ರಾಣ ಯಾವುದರ ಲೆಕ್ಕವನ್ನೂ ಇಡದ ಆಸೆಯನ್ನು ಜನ್ನ ಖಂಡಿಸುತ್ತಲೇ ಅದರ ಬಲವನ್ನು ಒಂದಿಷ್ಟೂ ತಗ್ಗಿಸದೆ ಬರೆದ. ಅವನ ‘ಅನಂತನಾಥಪುರಾಣ’ದ (1230) ಚಂಡಶಾಸನನ ಉಪಾಖ್ಯಾನ ಇನ್ನೂ ಕಠೋರವಾದದ್ದು. ಅತಿಥಿಯಾಗಿ ಬಂದ ಚಂಡಶಾಸನ ಗೆಳೆಯ ವಸುಷೇಣನ ಹೆಂಡತಿ ಸುನಂದೆಯನ್ನು ಕದ್ದೊಯ್ಯುತ್ತಾನೆ. ಅವಳು ಒಲಿಯದಾಗ ಗಂಡನದೆಂದು ನಂಬಿಸಿ ಒಂದು ಮಾಯಾಶಿರವನ್ನು ತೋರಿಸುತ್ತಾನೆ. ಅದನ್ನು ಕಂಡ ಅವಳ ಪ್ರಾಣ ಅಲ್ಲಿಯೇ ಹೋಗುತ್ತದೆ. ಅವಳ ಚಿತೆಯಲ್ಲಿ ಅವನೂ ಉರಿದುಹೋಗುತ್ತಾನೆ. ಖಳನ ಒಲವಿಗೆ ಕ್ಷಮೆಯಿಲ್ಲ, ಆದರೆ ಅದು ಸುಳ್ಳೆಂದು ಜನ್ನ ಎಲ್ಲಿಯೂ ಹೇಳುವುದಿಲ್ಲ.

ಶಿವಶರಣರ ಪರಂಪರೆಯಲ್ಲಿ ಸಾವಿನ ದುಃಖ ಅನುಭಾವದ ಬಾಗಿಲಾಗುತ್ತದೆ. ಹರಿಹರನ ‘ಪ್ರಭುದೇವರ ರಗಳೆ’ಯ ಅಲ್ಲಮ ಬಳ್ಳಿಗಾವಿಯ ಮದ್ದಳೆಗಾರ. ಮೆಚ್ಚಿ ಮದುವೆಯಾದ ಕಾಮಲತೆ ಜ್ವರದಿಂದ ತೀರಿಕೊಂಡಾಗ ಅವನು ಮರುಳನಂತೆ ಅಲೆಯುತ್ತಾನೆ. ಹೀಗಿರುವಾಗ ನೆಲ ಕೆದಕಿದ ಕಾಲಿನ ಬೆರಳಿಗೆ ಹೂತುಹೋದ ಗುಡಿಯ ಕಳಶ ತಗಲುತ್ತದೆ. ಅಗೆದು ಒಳಹೊಕ್ಕರೆ ಧ್ಯಾನದಲ್ಲಿ ಕುಳಿತ ಅನಿಮಿಷಯ್ಯನೆಂಬ ಗುರು ಸಿಗುತ್ತಾನೆ. ನೆಲದಡಿಯ ಗುಡಿ, ಸತ್ತ ಪ್ರಿಯೆ, ಅಲೆಯುವ ಕಲಾವಿದ ಇವೆಲ್ಲ ಯೂರೋಪಿನ ರಮ್ಯ ಕಥೆಗಾರರಿಗೆ ಆರು ನೂರು ವರ್ಷ ಮೊದಲೇ ಇಲ್ಲಿ ಕೂಡಿಬಂದಿವೆ. ಚಾಮರಸನ ‘ಪ್ರಭುಲಿಂಗಲೀಲೆ’ ಈ ಪ್ರೇಮವನ್ನು ಒಪ್ಪಲಿಲ್ಲ. ಅಲ್ಲಿ ಪ್ರಭುವನ್ನು ಗೆಲ್ಲಲು ಬಂದ ಮಾಯೆ ಸೋಲುತ್ತಾಳೆ, ಪ್ರಭು ಕಲಕುವುದೇ ಇಲ್ಲ. ಸಿದ್ಧಾಂತಕ್ಕೆ ಚಾಮರಸನ ಅಲ್ಲಮ ಒಪ್ಪುತ್ತಾನೆ. ಹೃದಯಕ್ಕೆ ಹತ್ತಿರದವನು ಹರಿಹರನ ಅಲ್ಲಮ. ಅದೇ ಸೀಮೆಯ ಉಡುತಡಿಯ ಅಕ್ಕಮಹಾದೇವಿ ಸಾವಿಲ್ಲದ ಗಂಡನನ್ನೇ ಆರಿಸಿಕೊಂಡಳು. ಗಿಡ, ಹಕ್ಕಿ, ದುಂಬಿಗಳನ್ನು ತಡೆದು ಚೆನ್ನಮಲ್ಲಿಕಾರ್ಜುನನ ಸುಳಿವು ಕೇಳುವ ಅವಳ ವಚನಗಳಲ್ಲಿ ವಿರಹವೇ ಬದುಕಿನ ಸ್ಥಿತಿ.

ಬಳ್ಳಿಗಾವಿ, ಉಡುತಡಿಗಳಿಂದ ಮೂಡಲಿಗೆ, ಹೊನ್ನಾಳಿ ನ್ಯಾಮತಿಗಳ ಆಚೆ ಇರುವ ಸೂಳೆಕೆರೆ ಈ ಭಾವದ ಜನಪದ ರೂಪವನ್ನು ಅರಿಯಲು ತಕ್ಕ ತಾಣ. ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ಈ ಕೆರೆಗೆ ಶಾಂತಿಸಾಗರ ಎಂಬ ಹೆಸರೂ ಇದೆ. ಎರಡು ಗುಡ್ಡಗಳ ನಡುವಿನ ಕಿರಿದಾದ ಸಂದಿಗೆ ಅಡ್ಡಲಾಗಿ ಏರಿ ಹಾಕಿ ಹರಿದ್ರಾ ಹಳ್ಳವನ್ನು ತಡೆಯಲಾಗಿದೆ. ಏರಿಯ ಉದ್ದ ಕಡಿಮೆ, ಹಿನ್ನೀರು ಬಹು ವಿಸ್ತಾರ. ತೂಬುಗಳು ಎರಡು: ಸಿದ್ಧನ ತೂಬು, ಬಸವನ ತೂಬು. ಹನ್ನೊಂದು ಹನ್ನೆರಡನೆಯ ಶತಮಾನದಲ್ಲಿ ಕಟ್ಟಿದ್ದೆಂದು ಹೇಳುವ ಈ ಕೆರೆಯ ನೀರಿನಿಂದ ಸುತ್ತಲಿನ ಭತ್ತದ ಗದ್ದೆ, ಅಡಕೆ ತೋಟಗಳು ಬದುಕುತ್ತಿವೆ.

ಕೆರೆಯ ಕಥೆ ಹಲವು ಪಾಠಗಳಲ್ಲಿ ಸಿಗುತ್ತದೆ. ಎಲ್ಲದರ ನಡುವೆ ನಿಲ್ಲುವವಳು ಸ್ವರ್ಗಾವತಿ ಎಂಬ ಪಟ್ಟಣದ ರಾಜಕುಮಾರಿ ಶಾಂತವ್ವ. ಒಂದು ಪಾಠದಂತೆ, ಕೆರೆಗೆ ಬೇಕಾದ ಜಾಗದಲ್ಲಿ ವೇಶ್ಯೆಯರ ಕೇರಿಯಿತ್ತು. ಕೆರೆಗೆ ತಮ್ಮ ಹೆಸರು ಉಳಿಯಬೇಕೆಂಬ ಕರಾರಿನ ಮೇಲೆ ಅವರು ನೆಲ ಬಿಟ್ಟುಕೊಟ್ಟರು. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲಿ ದಾಖಲಾದ ಪಾಠ ಹೆಚ್ಚು ಕರಾಳವಾದದ್ದು. ದೈವಾಂಶದ ಪುರುಷನೊಬ್ಬನ ಸಂಗ ಮಾಡಿದ ರಾಜಕುಮಾರಿ ಅದರ ಪ್ರಾಯಶ್ಚಿತ್ತಕ್ಕೆಂದು ಕೆರೆ ಕಟ್ಟಿಸಿದಳು, ಏರಿದ ನೀರಿನಲ್ಲಿ ತಂದೆಯ ಪಟ್ಟಣವೇ ಮುಳುಗಿತು, ತಂದೆ ಕೆರೆಗೆ ಆ ಹೆಸರನ್ನು ಶಾಪವಾಗಿ ಕೊಟ್ಟ. ಒಲವಿನ ತಪ್ಪು, ಅದನ್ನು ತೊಳೆಯಲು ಮಾಡಿದ ಪುಣ್ಯ, ಆ ಪುಣ್ಯದಲ್ಲೇ ಮುಳುಗಿದ ತವರು: ದುರಂತಕ್ಕೆ ಬೇಕಾದ ಎಲ್ಲವೂ ಈ ಚಿಕ್ಕ ಐತಿಹ್ಯದಲ್ಲಿದೆ. ಶಾಪ ಹಾಕಿದವನ ಹೆಸರನ್ನು ಈ ಪಾಠ ಉಳಿಸಿಕೊಂಡಿಲ್ಲ. ಕಳಂಕ ಹೊತ್ತವಳ ಕೆರೆ ಮಾತ್ರ ಒಂದು ಸೀಮೆಗೇ ಅನ್ನ ಕೊಟ್ಟಿತು.

ಇಂಥ ಕೆರೆಗಳ ಭಾವಲೋಕವನ್ನು ಪೂರ್ಣವಾಗಿ ಹಾಡಿದ ಕಥನಗೀತೆ ‘ಕೆರೆಗೆ ಹಾರ’. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರುವುದಿಲ್ಲ. ಸೊಸೆಯೊಬ್ಬಳನ್ನು ಹಾರ ಕೊಡಬೇಕೆಂದು ಶಾಸ್ತ್ರ ಬರುತ್ತದೆ. ಹಿರಿಯ ಸೊಸೆಯರನ್ನು ಬಿಟ್ಟು ಕಿರಿಯವಳಾದ ಭಾಗೀರಥಿಯನ್ನು ಮನೆಯವರು ಗೊತ್ತುಮಾಡುತ್ತಾರೆ. ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ. ಅವಳು ತವರಿಗೆ ಹೋಗುತ್ತಾಳೆ, ಅಪ್ಪ ಅವ್ವನ ಮುಂದೆ ನಿಜ ಹೇಳಲಾರಳು. ಗೆಳತಿಗೆ ಮಾತ್ರ ಹೇಳುತ್ತಾಳೆ. ಮರಳಿ ಬಂದು ತನ್ನ ಬಲಿಯ ಅಡಿಗೆಗೆ ತಾನೇ ನಿಲ್ಲುತ್ತಾಳೆ. ಗಂಗೆಯ ಪೂಜೆಯಾಗಿ, ಊಟ ಮುಗಿದು, ಎಲ್ಲರೂ ಹೊರಟ ಮೇಲೆ ಮರೆತ ಬಂಗಾರದ ಬಟ್ಟಲನ್ನು ತರಲು ಅವಳನ್ನು ಹಿಂದಕ್ಕೆ ಕಳಿಸುತ್ತಾರೆ. ಮೆಟ್ಟಿಲು ಮೆಟ್ಟಿಲಾಗಿ ನೀರು ಮೇಲೇರಿ ಅವಳನ್ನು ಮುಚ್ಚುತ್ತದೆ. ಕೆಟ್ಟ ಕನಸು ಕಂಡು ಓಡಿಬಂದ ಗಂಡ ಮನೆ, ತವರು, ಗೆಳತಿಯ ಮನೆ ಸುತ್ತಿ ನಿಜ ತಿಳಿದು ಅದೇ ಕೆರೆಗೆ ಬೀಳುತ್ತಾನೆ.

ಹಾಡಿನಲ್ಲಿ ಕೊಲೆಗಾರರ ಬಾಯಿಂದ ಒಂದು ಗಡಸು ಮಾತೂ ಬರುವುದಿಲ್ಲ. ಎಲ್ಲವೂ ಮನೆವಾರ್ತೆಯ ಮೆಲುದನಿಯಲ್ಲಿ, ನೀರು ಕಾಸುವ, ಅಕ್ಕಿ ಕೇರುವ ಕೆಲಸಗಳ ನಡುವೆ ಸಾಗುತ್ತದೆ. ಭಯ ಹುಟ್ಟುವುದು ಆ ಮೆಲುದನಿಯಿಂದಲೇ. ಬಲಿಯಿಂದ ತುಂಬಿದ ಕೆರೆಯ ನೀರನ್ನೇ ಉಂಡ ಊರಿನ ಹೆಂಗಸರು, ಕಿರಿಯ ಸೊಸೆಯರಾಗಿ ಬಾಳಿದವರು, ಬೀಸುತ್ತ ಕುಟ್ಟುತ್ತ ಇಂಥ ಹಾಡುಗಳನ್ನು ಕಾಪಾಡಿದರು. ಊರು ಒಪ್ಪಿಕೊಳ್ಳಲಾರದ ತಪ್ಪನ್ನು ಹಾಡು ಒಪ್ಪಿಕೊಂಡಿತು. ಈ ಪರಂಪರೆಯ ಸೆಳೆತ ಬಹುಮಟ್ಟಿಗೆ ಇದರಲ್ಲಿದೆ. ಇಂಥ ಬಲಿಯ ಹಾಡುಗಳು ಬೇರೆ ನಾಡುಗಳಲ್ಲೂ ಇವೆ. ಸೆರ್ಬಿಯದ ಸ್ಕಾದರ್ ಕೋಟೆಯ ಹಾಡಿನಲ್ಲಿ ಕಿರಿಯ ಸೋದರನ ಹೆಂಡತಿಯನ್ನು ಗೋಡೆಯೊಳಗೆ ಕಟ್ಟುತ್ತಾರೆ. ಹಸುಗೂಸಿಗೆ ಹಾಲೂಡಲು ಒಂದು ಕಿಂಡಿ ಬಿಡಿರೆಂದು ಅವಳು ಬೇಡುತ್ತಾಳೆ. ರುಮೇನಿಯದಲ್ಲಿ ಮಾನೋಲೆ ಎಂಬ ಮೇಸ್ತ್ರಿ ಮಠ ನಿಲ್ಲಲು ತನ್ನ ಹೆಂಡತಿಯನ್ನೇ ಗೋಡೆಗೆ ಕೊಡುತ್ತಾನೆ. ಮಿಲೇಯ ಒಫೀಲಿಯಾ ಮುಳುಗುವುದು ತನ್ನ ಹುಚ್ಚಿನಲ್ಲಿ, ಒಬ್ಬಳೇ. ಭಾಗೀರಥಿಗೂ ಗೋಡೆಗೆ ಬಲಿಯಾದ ಈ ಹೆಂಡಿರಿಗೂ ಸಾವು ಮನೆಯವರ ತೀರ್ಮಾನದಿಂದ ಬಂದದ್ದು.

ನವೋದಯದ ಕವಿಗಳು ಇಂಗ್ಲಿಷ್ ರಮ್ಯಕಾವ್ಯವನ್ನು ಓದಿದಾಗ ಇಷ್ಟು ಹಳೆಯ ನೆಲ ಅವರ ಕಾಲಡಿ ಇತ್ತು. ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ (1926) ಸಂಗ್ರಹದಲ್ಲಿ ಥಾಮಸ್ ಹುಡ್‌ನ ಕವಿತೆಯ ರೂಪಾಂತರ ‘ದುಃಖಸೇತು’ ಇದೆ. ಅದು ಸೇತುವೆಯಿಂದ ನದಿಗೆ ಬಿದ್ದು ಸತ್ತ ಅನಾಥೆಯ ಕಥೆ. ಕೆರೆಗೆ ಹಾರವಾದವಳನ್ನು ಬಲ್ಲ ಕನ್ನಡಿಗರಿಗೆ ಲಂಡನ್ನಿನ ಆ ಹೆಣ್ಣು ಹೊರಗಿನವಳಾಗಿ ಕಾಣಲಿಲ್ಲ. ‘ಗದಾಯುದ್ಧ ನಾಟಕಂ’ (1926) ಮೂಲಕ ರನ್ನನ ದುರ್ಯೋಧನನನ್ನು ಅವರು ರಂಗಕ್ಕೆ ತಂದರು. ಸೊಫೋಕ್ಲಿಸ್‌ನ ಅಯಾಸನ ದುರಂತವನ್ನು ‘ಅಶ್ವತ್ಥಾಮನ್’ (1929) ಆಗಿ ಮಾರ್ಪಡಿಸಿದರು. ನಾಗಚಂದ್ರನ ರಾವಣನನ್ನು ದುರಂತನಾಯಕನೆಂದು ಓದಿ ತೋರಿಸಿದವರೂ ಅವರೇ. ಕುವೆಂಪು ‘ಸ್ಮಶಾನ ಕುರುಕ್ಷೇತ್ರಂ’ ನಾಟಕದಲ್ಲಿ ಯುದ್ಧ ಮುಗಿದ ರಾತ್ರಿಯನ್ನು ಚಿತ್ರಿಸಿದರು. ‘ರಕ್ತಾಕ್ಷಿ’ಯಲ್ಲಿ ಹ್ಯಾಮ್ಲೆಟ್ಟನ ಕಥೆಯನ್ನು ಬಿದನೂರಿನ ಅರಮನೆಗೆ ತಂದರು. ಮಂಜೇಶ್ವರದ ಗೋವಿಂದ ಪೈ ‘ಗೊಲ್ಗೊಥಾ’ದಲ್ಲಿ ಕ್ರಿಸ್ತನ ಕೊನೆಯ ದಿನವನ್ನೂ ‘ವೈಶಾಖಿ’ಯಲ್ಲಿ ಬುದ್ಧನ ಕೊನೆಯ ದಿನವನ್ನೂ ಹಾಡಿದರು. ಸ್ವಂತ ಮನೆಯ ಸಾವನ್ನು ಕವಿತೆಯಾಗಿಸಿದವರಲ್ಲಿ ಬೇಂದ್ರೆ ಎಲ್ಲರಿಗಿಂತ ಎತ್ತರದಲ್ಲಿದ್ದಾರೆ. ಮಕ್ಕಳನ್ನು ಕಳೆದುಕೊಂಡ ಅವರು ‘ನೀ ಹೀಂಗ ನೋಡಬ್ಯಾಡ ನನ್ನ’ ಕವಿತೆಯಲ್ಲಿ ಹೆಂಡತಿಯ ನೋಟವನ್ನು ಎದುರಿಸಲಾರದ ಗಂಡನನ್ನು ಮಾತಾಡಿಸಿದರು. ಧಾರವಾಡದ ಆಡುಮಾತು ಅಲ್ಲಿ ಶೋಕಕ್ಕೆ ಯಾವ ಅಲಂಕಾರವೂ ಅಂಟದಂತೆ ನೋಡಿಕೊಳ್ಳುತ್ತದೆ.

ಪಾಳುಬಿದ್ದ ಊರಿನ ವಿಷಾದಕ್ಕೆ ಹಂಪೆಯೇ ಮೊದಲ ನೆಲೆ. 1565ರ ಯುದ್ಧದ ನಂತರ ಹಾಳಾದ ವಿಜಯನಗರವನ್ನು ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣದ ಕಾಗದದ ನೆಗೆಟಿವುಗಳಲ್ಲಿ ಹಿಡಿದ. ಜನರಿಲ್ಲದ ಆ ಬೀದಿ ಗೋಪುರಗಳ ಛಾಯಾಚಿತ್ರಗಳು ದಾಖಲೆಯೂ ಹೌದು, ಶೋಕಗೀತೆಯೂ ಹೌದು. ಸೂಳೆಕೆರೆಯ ನೆರೆಯ ಸಂತೆಬೆನ್ನೂರಿನಲ್ಲಿ ಪಾಳೆಯಗಾರರ ಕಾಲದ ಪುಷ್ಕರಣಿ, ಅದರ ನಡುವಿನ ವಸಂತಮಂಟಪ, ದಡದ ಮುಸಾಫಿರ್‌ಖಾನೆ ಇವೆ. ವೈಭವದ ಮಂಟಪವೊಂದು ನೀರಿನಿಂದ ಸುತ್ತುವರಿದು ಒಂಟಿಯಾಗಿ ನಿಂತಿರುವ ಆ ನೋಟ ಇಂದಿಗೂ ಛಾಯಾಗ್ರಾಹಕರನ್ನು ಸೆಳೆಯುತ್ತದೆ. ಪಕ್ಕದ ಚಿತ್ರದುರ್ಗ ಕಾದಂಬರಿಗೆ ಒದಗಿತು. 1779ರಲ್ಲಿ ಹೈದರಾಲಿಗೆ ಸೋತ ಮದಕರಿನಾಯಕನ ಕೊನೆಯ ದಿನಗಳನ್ನು ತ. ರಾ. ಸುಬ್ಬರಾಯರು ‘ದುರ್ಗಾಸ್ತಮಾನ’ದಲ್ಲಿ (1982) ಬರೆದರು. ಸೋಲು ಮೊದಲೇ ಗೊತ್ತಿರುವ ಕಥೆಯನ್ನು ಓದುಗರು ಕೊನೆಯವರೆಗೂ ಬಿಡದೆ ಓದುತ್ತಾರೆ. ಸುಬ್ಬರಾಯರದೇ ಮೂರು ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ‘ನಾಗರಹಾವು’ (1972) ಚಿತ್ರದುರ್ಗದ ಬಂಡೆಗಳ ನಡುವೆಯೇ ನಡೆಯುತ್ತದೆ. ಜಾತಿ ಧರ್ಮಗಳ ತಡೆಗೆ ಸಿಕ್ಕ ರಾಮಾಚಾರಿ ಮತ್ತು ಮಾರ್ಗರೇಟ್ ಕೊನೆಗೆ ಬೆಟ್ಟದಿಂದ ಹಾರುತ್ತಾರೆ. ಜನಪ್ರಿಯ ಕನ್ನಡ ಸಿನಿಮಾದಲ್ಲಿ ವಿಷಾದ ರಮ್ಯತೆ ಇದಕ್ಕಿಂತ ದೊಡ್ಡ ಪ್ರೇಕ್ಷಕವರ್ಗವನ್ನು ತಲುಪಿದ ನಿದರ್ಶನಗಳು ಕಡಿಮೆ.

ನವ್ಯದ ಬರಹಗಾರರು ಈ ಮೋಹವನ್ನು ಶಂಕೆಯಿಂದ ಕಂಡರು. ಗೋಪಾಲಕೃಷ್ಣ ಅಡಿಗರ ‘ಭೂತ’ ಕವಿತೆಯಲ್ಲಿ ಹಿಂದಿನ ಕಾಲದ ಪ್ರೇತಗಳು ಸವಿಯಲು ಸಿಗುವುದಿಲ್ಲ, ಎದುರಿಸಿ ಬಿಡಿಸಬೇಕಾದ ಗಂಟಾಗುತ್ತವೆ. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ (1965) ಅಗ್ರಹಾರದ ನಡುವೆ ಕೊಳೆಯುವ ಹೆಣ ಸೌಂದರ್ಯದ ಯಾವ ತೆರೆಗೂ ಎಡೆಗೊಡದು. ಹೆಣ್ಣಿನ ಬಲಿಯನ್ನು ಚೆಲುವಾಗಿ ಕಾಣುವ ರೂಢಿಗೆ ಬಲವಾದ ಪ್ರತಿರೋಧ ಲೇಖಕಿಯರಿಂದ ಬಂತು. ತ್ರಿವೇಣಿಯವರ ‘ಶರಪಂಜರ’ದ ಕಾವೇರಿಗೆ ಬಂದ ಮಾನಸಿಕ ಕಾಯಿಲೆಯನ್ನು ಮರುಕಳಿಸುವಂತೆ ಮಾಡುವುದು ಮನೆಯವರ ಅನುಮಾನ ಮತ್ತು ತಿರಸ್ಕಾರ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಬಾಲವಿಧವೆಯ ದೀರ್ಘ ಬಾಳನ್ನು ಕಣ್ಣೀರಿನ ರಮ್ಯತೆಗೆ ಒಪ್ಪಿಸದೆ ತಣ್ಣಗೆ ದಾಖಲಿಸುತ್ತದೆ. ‘ಕೆರೆಗೆ ಹಾರ’ವನ್ನೂ ತ್ಯಾಗದ ಕಥೆಯೆಂದು ಕೊಂಡಾಡುತ್ತಿದ್ದ ಓದು ಹಿಂದೆ ಸರಿದು, ಕೊಲೆಯ ಕಥೆಯೆಂದು ಅದನ್ನು ನೋಡುವ ಓದು ಬೆಳೆದಿದೆ. ಹಾಡಿನ ಒಳಗೇ ಆ ಅರ್ಥಕ್ಕೆ ಆಧಾರವಿದೆ, ಗಂಡನ ಸಾವು ಮನೆತನಕ್ಕೆ ಬಂದ ಶಿಕ್ಷೆಯಾಗಿಯೇ ಅಲ್ಲಿ ನಿಲ್ಲುತ್ತದೆ.

ಹಳೆಯ ಕಥೆಗಳ ಸೆಳೆತವಂತೂ ಕುಂದಿಲ್ಲ. ಜನ್ನನ ಅಮೃತಮತಿಯ ಕಥೆಯನ್ನು ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕವಾಗಿಸಿ, ಅದನ್ನೇ ಮುಂದೆ ‘ಬಲಿ’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ತಂದರು. ಹಾಳು ದೇಗುಲ, ಇರುಳು, ಮಾವುತನ ಹಾಡು ಅಲ್ಲಿಯೂ ಇವೆ. ಜನ್ನ ತೀರ್ಪು ಕೊಟ್ಟು ಮುಗಿಸಿದಲ್ಲಿ ಕಾರ್ನಾಡರು ರಾಣಿ, ರಾಜ, ರಾಜಮಾತೆ, ಮಾವುತ ನಾಲ್ವರನ್ನೂ ಎದುರುಬದುರು ನಿಲ್ಲಿಸಿ, ಅವಳ ಆಸೆಗೆ ಅವಳದೇ ಮಾತಿನಲ್ಲಿ ಸಮರ್ಥನೆ ಕೊಡುವ ಅವಕಾಶ ಮಾಡಿಕೊಟ್ಟರು.